ಕಂಪೋಟ್‌ನ ಹೊಳೆದಂಡೆ ಗೆಸ್ಟ್‌ಹೌಸಿನಲ್ಲಿ ವಾಲಂಟಿಯರ್ ಆಗಿ ಇರಬಹುದೇ?

ಪ್ರಶ್ನೆ: ನನಗೆ 27 ವರ್ಷ. ಊರು ಶಿವಮೊಗ್ಗ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಮೂರು ತಿಂಗಳು ಬಿಡುವು ಮಾಡಿಕೊಂಡು ಆಗ್ನೇಯ ಏಷ್ಯಾ ಸುತ್ತುವ ಯೋಚನೆಯಿದೆ. ಕಾಂಬೋಡಿಯಾದ ಕಂಪೋಟ್‌ನಲ್ಲಿ ನದಿಗೆ ಅಂಟಿಕೊಂಡ ಗೆಸ್ಟ್‌ಹೌಸ್ ಒಂದು ‘ದಿನಕ್ಕೆ ಐದು ಗಂಟೆ ಕೆಲಸ, ಬದಲಿಗೆ ಹಾಸಿಗೆ ಮತ್ತು ಎರಡು ಊಟ’ ಎಂದು ವಾಲಂಟಿಯರ್ ಸೈಟಿನಲ್ಲಿ ಹಾಕಿದೆ. ಟೂರಿಸ್ಟ್ ವೀಸಾದಲ್ಲಿ ಹೋಗಿ ಮೂರೂ ತಿಂಗಳು ಅಲ್ಲೇ ಇರಬಹುದೇ? ನಿಜವಾಗಿ ಏನು ಕೆಲಸ ಕೊಡುತ್ತಾರೆ? ಕಯಾಕ್ ನೋಡಿಕೊಳ್ಳುವುದೂ ಅದರಲ್ಲಿ ಸೇರಿದೆ, ಆದರೆ ನನ್ನ ಈಜು ಅಷ್ಟಕ್ಕಷ್ಟೆ. ಸಸ್ಯಾಹಾರಿ ಬೇರೆ. ಮನೆಯಲ್ಲಿ ಕಾಂಬೋಡಿಯಾ ಎಂದರೇ ಹೆದರುತ್ತಾರೆ.

ಉತ್ತರ: ನೀವು ಹೇಳಿದ ರೀತಿಯಲ್ಲಿ, ಅಂದರೆ ಟೂರಿಸ್ಟ್ ವೀಸಾ ಹಿಡಿದು ಮೂರು ತಿಂಗಳು ಒಂದೇ ಗೆಸ್ಟ್‌ಹೌಸಿನಲ್ಲಿ ದುಡಿಯುವುದು, ಆಗುವುದಿಲ್ಲ. ಅವಧಿಯೂ ಹೊಂದುವುದಿಲ್ಲ, ಕಾನೂನೂ ಒಪ್ಪುವುದಿಲ್ಲ. ಹಾಗೆಂದು ಕಂಪೋಟ್ ಆಸೆಯನ್ನೇ ಬಿಡಬೇಕಿಲ್ಲ. ಯೋಜನೆಯನ್ನು ಬೇರೆ ಥರ ಕಟ್ಟಬೇಕು, ಅಷ್ಟೆ.

ಮೊದಲು ವೀಸಾ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕಾಂಬೋಡಿಯಾದ ವಿಮಾನ ನಿಲ್ದಾಣದಲ್ಲೇ ವೀಸಾ ಸಿಗುತ್ತದೆ, ಆನ್‌ಲೈನಿನಲ್ಲಿ ಪಡೆಯುವ ಇ-ವೀಸಾವೂ ಇದೆ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರಬೇಕು. 2024ರ ಸೆಪ್ಟೆಂಬರ್‌ನಿಂದ ವಿಮಾನದಲ್ಲಿ ಬರುವವರು ಇ-ಅರೈವಲ್ ಅರ್ಜಿಯನ್ನೂ ಆನ್‌ಲೈನಿನಲ್ಲಿ ತುಂಬಬೇಕು. ಪ್ರವಾಸಿಗರಿಗೆ ಕೊಡುವುದು ‘ಟಿ’ ವರ್ಗದ ವೀಸಾ: 30 ಡಾಲರ್, 30 ದಿನ, ಒಂದೇ ಸಲ ಇನ್ನೊಂದು ತಿಂಗಳು ವಿಸ್ತರಣೆ. ಅಲ್ಲಿಗೆ ಎರಡು ತಿಂಗಳು ಮುಗಿಯಿತು. ‘ಇ’ ವರ್ಗದ್ದಕ್ಕೆ (ಮೇಲೆ ಹೇಳಿದ ಇ-ವೀಸಾ ಬೇರೆ, ಇದು ಬೇರೆ) 35 ಡಾಲರ್. ಮೊದಲ ಅವಧಿ ಅದೇ 30 ದಿನವಾದರೂ ಆಮೇಲೆ ಉಪವರ್ಗ ನೋಡಿ ಮತ್ತೆ ಮತ್ತೆ ವಿಸ್ತರಿಸಬಹುದು. ಉದ್ಯೋಗ-ವ್ಯವಹಾರಕ್ಕೆ ‘ಇಬಿ’, ಕೆಲಸ ಹುಡುಕುವವರಿಗೆ ‘ಇಜಿ’, ವಿದ್ಯಾರ್ಥಿಗಳಿಗೆ ‘ಇಎಸ್’. ಬಂದಿಳಿದ ಮೇಲೆ ‘ಟಿ’ಯನ್ನು ‘ಇ’ ಮಾಡಿಸುವ ದಾರಿಯಿಲ್ಲ ಎಂದೇ ಲೆಕ್ಕ ಹಾಕಿ, ಹೊರಡುವ ಮುನ್ನವೇ ತೀರ್ಮಾನಿಸಿ. ಅವಧಿ ಮೀರಿ ಉಳಿದರೆ ದಿನಕ್ಕೆ 10 ಡಾಲರ್ ದಂಡ.

ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ‘ಇ’ ವೀಸಾ ಇದ್ದರೆ ಕೆಲಸ ಮಾಡಬಹುದು ಎಂದೇ ಬಹಳ ಜನ ನಂಬಿದ್ದಾರೆ. ವೀಸಾ ದೇಶದೊಳಗೆ ಇರಲು ಕೊಡುವ ಅನುಮತಿ. ಕೆಲಸ ಮಾಡಲು 1997ರ ಕಾರ್ಮಿಕ ಕಾಯ್ದೆಯ ಪ್ರಕಾರ ಕಾರ್ಮಿಕ ಸಚಿವಾಲಯದ ವರ್ಕ್ ಪರ್ಮಿಟ್ ಮತ್ತು ಉದ್ಯೋಗ ಚೀಟಿ ಬೇರೆಯಾಗಿ ಬೇಕು. ಸಂಬಳ ಇಲ್ಲವಲ್ಲ ಎಂಬ ವಾದ ನಿಲ್ಲುವುದಿಲ್ಲ. ಲಾಭಕ್ಕೆ ನಡೆಯುವ ಗೆಸ್ಟ್‌ಹೌಸಿನಲ್ಲಿ ರಿಸೆಪ್ಷನ್ ನೋಡಿಕೊಂಡು ಹಾಸಿಗೆ-ಊಟ ಪಡೆಯುವುದು ವಸ್ತುರೂಪದ ಕೂಲಿಯೇ. ಜೊತೆಗೆ, ಒಂದು ಸಂಸ್ಥೆಯಲ್ಲಿ ವಿದೇಶಿ ನೌಕರರು ಸ್ಥಳೀಯ ನೌಕರರ ಶೇ 10ರಷ್ಟನ್ನು ಮೀರಬಾರದೆಂಬ ಮಿತಿಯಿದೆ. ಹತ್ತು ಜನ ಖ್ಮೇರ್ (ಅಂದರೆ ಸ್ಥಳೀಯ ಕಾಂಬೋಡಿಯನ್) ಸಿಬ್ಬಂದಿ ಇರುವ ಕಡೆ ಆರು ಜನ ವಿದೇಶಿ ವಾಲಂಟಿಯರ್‌ಗಳು ಓಡಾಡುತ್ತಿದ್ದರೆ ಮಾಲೀಕರು ಆ ಮಿತಿಯ ಬಗ್ಗೆ ತಲೆಕೆಡಿಸಿಕೊಂಡಿಲ್ಲ ಎಂದರ್ಥ. ತಪಾಸಣೆ ದಿನವೂ ಬರುವುದಿಲ್ಲ, ನಿಜ. ಬಂದ ದಿನ ಮಾಲೀಕರು ದಂಡ ಕಟ್ಟಿ ವ್ಯಾಪಾರ ಮುಂದುವರಿಸುತ್ತಾರೆ. ಪಾಸ್‌ಪೋರ್ಟಿನ ಮೇಲೆ ಗಡೀಪಾರಿನ ಮೊಹರು ಬೀಳುವುದು ನಿಮಗೆ. ಮುಂದೆ ಅಮೆರಿಕ, ಯುರೋಪಿನ ವೀಸಾ ಅರ್ಜಿಗಳಲ್ಲಿ ‘ಯಾವುದಾದರೂ ದೇಶದಿಂದ ಹೊರಹಾಕಿಸಿಕೊಂಡಿದ್ದೀರಾ’ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಸಾಫ್ಟ್‌ವೇರ್ ಕ್ಷೇತ್ರದಲ್ಲಿರುವವರಿಗೆ ಇದು ದುಬಾರಿ.

ಆದ್ದರಿಂದ ಗೆಸ್ಟ್‌ಹೌಸಿಗೆ ಬರೆಯುವ ಮೊದಲ ಪತ್ರದಲ್ಲೇ ಕೇಳಿ: ‘ವಾಲಂಟಿಯರ್‌ಗಳಿಗೆ ವರ್ಕ್ ಪರ್ಮಿಟ್ ಮಾಡಿಸುತ್ತೀರಾ? ಯಾವ ವೀಸಾದಲ್ಲಿ ಬರಬೇಕು?’ ಮಾಡಿಸುತ್ತೇವೆ ಎಂದರೆ ‘ಇ’ ವೀಸಾದಲ್ಲಿ ಹೋಗಿ, ಖರ್ಚು ಯಾರದೆಂದು ಬರಹದಲ್ಲಿ ಪಡೆಯಿರಿ. ಪರ್ಮಿಟ್ಟಿನ ವಾರ್ಷಿಕ ಶುಲ್ಕವೇ 100 ಡಾಲರ್. ‘ಟೂರಿಸ್ಟ್ ವೀಸಾದಲ್ಲೇ ಬನ್ನಿ, ಯಾರೂ ಕೇಳುವುದಿಲ್ಲ’ ಎಂಬ ಉತ್ತರ ಬಂದರೆ ಅಲ್ಲಿ ದುಡಿಯಬೇಡಿ, ಬೇಕಿದ್ದರೆ ಹಣ ಕೊಟ್ಟು ಉಳಿಯಿರಿ. ತಿಂಗಳಿಗೆ ಇಷ್ಟು ಎಂದು ಚೌಕಾಸಿ ಮಾಡಿದರೆ ಕೋಣೆ ಸಿಗುವ ಊರು ಅದು. ನಿಮ್ಮ ಸಂಬಳದವರಿಗೆ ಉಳಿತಾಯ ಎಷ್ಟೆಂದು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ.

ಲೆಕ್ಕ ಹಾಕೋಣ. ಡಾರ್ಮಿಟರಿ ಹಾಸಿಗೆಗೆ ರಾತ್ರಿಗೆ 5 ಡಾಲರ್, ಎರಡು ಊಟಕ್ಕೆ 6 ಡಾಲರ್ ಎಂದಿಟ್ಟುಕೊಳ್ಳಿ. ದಿನಕ್ಕೆ 11, ನಾಲ್ಕು ವಾರಕ್ಕೆ 308 ಡಾಲರ್. ರೂಪಾಯಿಯಲ್ಲಿ ಸುಮಾರು 27 ಸಾವಿರ. ವಾಲಂಟಿಯರ್‌ಗಳ ಜಾಹೀರಾತು ಹಾಕುವ ವರ್ಕ್‌ಅವೇ ಎಂಬ ಸೈಟಿನ ಸಾಮಾನ್ಯ ಮಿತಿ ದಿನಕ್ಕೆ ಐದು ಗಂಟೆ, ವಾರಕ್ಕೆ ಐದು ದಿನ. ಅಂದರೆ ನಾಲ್ಕು ವಾರಕ್ಕೆ 100 ಗಂಟೆ, ಗಂಟೆಗೆ ಸುಮಾರು 3 ಡಾಲರ್ ಬಿತ್ತು. ಪಕ್ಕದ ಇನ್ನೊಂದು ಗೆಸ್ಟ್‌ಹೌಸ್ ಹಾಸಿಗೆ ಮಾತ್ರ ಕೊಟ್ಟು ದಿನಕ್ಕೆ ಆರು ಗಂಟೆ, ವಾರಕ್ಕೆ ಆರು ದಿನ ಕೇಳಿದರೆ 140 ಡಾಲರಿಗೆ 144 ಗಂಟೆ. ಗಂಟೆಗೆ ಒಂದು ಡಾಲರೂ ಇಲ್ಲ. ಎರಡೂ ಜಾಹೀರಾತಿನ ಫೋಟೊದಲ್ಲಿ ಅದೇ ಹೊಳೆ, ಅದೇ ಹ್ಯಾಮಕ್. ನಿಮಗೆ ಬಂದಿರುವ ಜಾಹೀರಾತಿನಲ್ಲಿ ‘ದಿನಕ್ಕೆ ಐದು ಗಂಟೆ’ ಎಂದಿದೆಯೇ ಹೊರತು ವಾರಕ್ಕೆ ಎಷ್ಟು ದಿನ ಎಂದಿಲ್ಲ, ಗಮನಿಸಿ. ಅದನ್ನು ಕೇಳಿ. ಐದು ಗಂಟೆ ಒಟ್ಟಿಗೋ, ಬೆಳಿಗ್ಗೆ ಎರಡು ರಾತ್ರಿ ಮೂರು ಎಂದು ಒಡೆದಿದೆಯೋ? ಒಡೆದಿದ್ದರೆ ಇಡೀ ದಿನ ಕಟ್ಟಿಹಾಕಿದಂತೆ. ರಜಾ ದಿನವೂ ಊಟ ಉಂಟೋ? ಹಾಸಿಗೆ ಅತಿಥಿಗಳ ಡಾರ್ಮಿನಲ್ಲೋ, ಸಿಬ್ಬಂದಿ ಕೋಣೆಯಲ್ಲೋ? ಸೀಸನ್ ತುಂಬಿದಾಗ ವಾಲಂಟಿಯರ್ ಹಾಸಿಗೆಯನ್ನು ಮಾರಿ, ಅವರನ್ನು ಹ್ಯಾಮಕ್ಕಿಗೆ ಕಳಿಸುವ ಪದ್ಧತಿ ಕೆಲವು ಕಡೆ ಇದೆ.

ಈಗ ಮನೆಯವರ ಭಯ. ಅದು ಸುಮ್ಮನೆ ಹುಟ್ಟಿದ್ದಲ್ಲ. ಡೇಟಾ ಎಂಟ್ರಿ, ಕಸ್ಟಮರ್ ಸಪೋರ್ಟ್ ಕೆಲಸದ ಆಸೆ ತೋರಿಸಿ ಭಾರತೀಯರನ್ನು ಕರೆಸಿಕೊಂಡು ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ ಪ್ರಕರಣಗಳು ಅಲ್ಲಿ ನಡೆದಿವೆ. 2024ರ ಮಾರ್ಚ್ ಕೊನೆಯ ಹೊತ್ತಿಗೆ ಸುಮಾರು 250 ಭಾರತೀಯರನ್ನು ಬಿಡಿಸಿ ವಾಪಸ್ ಕರೆತಂದಿರುವುದಾಗಿ ವಿದೇಶಾಂಗ ಸಚಿವಾಲಯವೇ ಹೇಳಿತ್ತು. ಸಿಹನೂಕ್‌ವಿಲ್, ಪೊಯ್‌ಪೆಟ್, ಬಾವೆಟ್ ಈ ದಂಧೆಗೆ ಕುಖ್ಯಾತ. ಕಂಪೋಟ್ ಪಟ್ಟಣದ ಹಿಂದೆ ಎದ್ದು ನಿಲ್ಲುವ ಬೊಕೋರ್ ಬೆಟ್ಟದ ಮೇಲೂ ಇಂಥ ಕೇಂದ್ರಗಳಿದ್ದ ವರದಿಗಳಿವೆ.

ಆದರೆ ಹೊಳೆದಂಡೆಯ ಗೆಸ್ಟ್‌ಹೌಸಿಗೂ ಆ ಜಾಲಕ್ಕೂ ವ್ಯತ್ಯಾಸ ಗುರುತಿಸುವುದು ಕಷ್ಟವಲ್ಲ. ನಿಜವಾದ ಗೆಸ್ಟ್‌ಹೌಸ್ ಎಂದೂ ನಿಮ್ಮ ವಿಮಾನದ ಟಿಕೆಟ್ ಕೊಳ್ಳುವುದಿಲ್ಲ, ತಿಂಗಳಿಗೆ 800 ಡಾಲರ್ ಸಂಬಳ ಹೇಳುವುದಿಲ್ಲ, ಟೈಪಿಂಗ್ ವೇಗ ಕೇಳುವುದಿಲ್ಲ. ಬುಕಿಂಗ್ ಸೈಟುಗಳಲ್ಲಿ ಅದರ ಬಗ್ಗೆ ವರ್ಷಗಟ್ಟಲೆ ಹಿಂದಿನಿಂದ, ಬೇರೆ ಬೇರೆ ದೇಶದವರು ಬರೆದ ಅಭಿಪ್ರಾಯಗಳಿರುತ್ತವೆ. ನಕ್ಷೆಯಲ್ಲಿ ಜಾಗ ಇರುತ್ತದೆ. ವಿಡಿಯೊ ಕರೆ ಮಾಡಿ ‘ಡಾರ್ಮ್ ತೋರಿಸಿ, ಅಡುಗೆಮನೆ ತೋರಿಸಿ, ದೋಣಿಕಟ್ಟೆ ತೋರಿಸಿ’ ಎಂದರೆ ನಡೆದುಕೊಂಡು ಹೋಗಿ ತೋರಿಸುತ್ತಾರೆ. ಹಿಂದೆ ಅಲ್ಲಿದ್ದ ಇಬ್ಬರು ವಾಲಂಟಿಯರ್‌ಗಳ ಜೊತೆ ನೀವೇ ಮಾತಾಡಿ. ಮಾಲೀಕರು ಆರಿಸಿಕೊಟ್ಟ ಇಬ್ಬರು ಬೇಡ, ಸೈಟಿನ ಅಭಿಪ್ರಾಯಗಳಲ್ಲಿ ನೀವೇ ಹುಡುಕಿದವರು ಆಗಬೇಕು. ವಿಮಾನ ನಿಲ್ದಾಣಕ್ಕೆ ಯಾರೋ ಕಾರು ಕಳಿಸುತ್ತಾರೆಂದರೆ ಬೇಡವೆನ್ನಿ. ರಾಜಧಾನಿ ಫ್ನಾಮ್ ಪೆನ್‌ನಲ್ಲಿ ಒಂದು ರಾತ್ರಿ ಉಳಿದು ಬಸ್ಸಿನಲ್ಲೋ ವ್ಯಾನಿನಲ್ಲೋ ಹೋಗಿ. ಸುಮಾರು 150 ಕಿ.ಮೀ., ಮೂರು ಗಂಟೆಯ ದಾರಿ. 2016ರಲ್ಲಿ ಮತ್ತೆ ಶುರುವಾದ ರೈಲೂ ಇದೆ, ನಿಧಾನ, ಆದರೆ ಕಿಟಕಿಯ ನೋಟ ಚೆನ್ನ.

ಪಾಸ್‌ಪೋರ್ಟ್ ಯಾರ ಕೈಯಲ್ಲೂ ಬಿಡಬೇಡಿ. ಅಲ್ಲಿ ವಿದೇಶಿಯರ ವಾಸ್ತವ್ಯವನ್ನು ಮಾಲೀಕರು ವಲಸೆ ಇಲಾಖೆಯ ಎಫ್‌ಪಿಸಿಎಸ್ ವ್ಯವಸ್ಥೆಯಲ್ಲಿ ದಾಖಲಿಸಬೇಕು, ಅದಕ್ಕೆ ಪಾಸ್‌ಪೋರ್ಟಿನ ಮತ್ತು ವೀಸಾ ಪುಟದ ಫೋಟೊ ಸಾಕು. ದಾಖಲಾಗಿದೆಯೇ ಎಂದು ಮೊದಲ ದಿನವೇ ಕೇಳಿ ಖಚಿತಮಾಡಿಕೊಳ್ಳಿ, ಇಲ್ಲದಿದ್ದರೆ ವೀಸಾ ವಿಸ್ತರಣೆ ನಿಂತುಹೋಗುತ್ತದೆ. ವಿಸ್ತರಣೆಗೆ ಕೊಟ್ಟಾಗ ಪಾಸ್‌ಪೋರ್ಟ್ ಕೆಲವು ದಿನ ಏಜೆಂಟರ ಬಳಿ ಹೋಗುವುದು ಮಾಮೂಲು, ರಸೀದಿ ಪಡೆಯಿರಿ. ಸ್ಕೂಟರ್ ಬಾಡಿಗೆ ಅಂಗಡಿಯವರು ಒತ್ತೆ ಕೇಳಿದರೆ ನಗದು ಕೊಡಿ.

ಬೆಂಗಳೂರಿನ ಇಮಿಗ್ರೇಷನ್ ಕೌಂಟರಿನಲ್ಲಿ, ಇದೇ ವಂಚನೆ ಜಾಲಗಳ ಕಾರಣಕ್ಕೆ, ಒಂಟಿಯಾಗಿ ಕಾಂಬೋಡಿಯಾಕ್ಕೆ ಹೊರಟ ಯುವಕ-ಯುವತಿಯರನ್ನು ನಿಲ್ಲಿಸಿ ಪ್ರಶ್ನಿಸುವ ಸಾಧ್ಯತೆ ಇದೆ. ವಾಪಸ್ ಟಿಕೆಟ್, ಮೊದಲ ವಾರದ ಬುಕಿಂಗ್, ಕಚೇರಿಯ ರಜೆ ಪತ್ರ, ವಿಮೆ, ಬ್ಯಾಂಕ್ ಲೆಕ್ಕ ಕಾಗದದಲ್ಲೇ ಇರಲಿ. ಟೂರಿಸ್ಟ್ ವೀಸಾ ಕೈಯಲ್ಲಿ ಹಿಡಿದು ‘ವಾಲಂಟಿಯರ್ ಕೆಲಸಕ್ಕೆ’ ಎಂದರೆ ಅಲ್ಲೇ ತೊಡಕು, ಸುಳ್ಳು ಹೇಳಿದರೆ ಇನ್ನೂ ದೊಡ್ಡ ತೊಡಕು. ಸರಿಯಾದ ವೀಸಾ ಮಾಡಿಕೊಂಡರೆ ಇದ್ದದ್ದನ್ನು ಇದ್ದಂತೆ ಹೇಳಬಹುದು. ಥಾಯ್ಲೆಂಡಿನಿಂದ ರಸ್ತೆ ಮೂಲಕ ಒಳಹೋಗುವ ಹಳೆಯ ಪ್ರವಾಸ ಟಿಪ್ಪಣಿಗಳನ್ನು ನಂಬಬೇಡಿ. 2025ರ ಗಡಿ ಸಂಘರ್ಷದಲ್ಲಿ ಆ ದಾರಿಗಳು ಮುಚ್ಚಿದವು. ವಿಮಾನದಲ್ಲೇ ಹೋಗುವ ಲೆಕ್ಕ ಹಾಕಿ.

ಕೆಲಸದ ವಿಷಯಕ್ಕೆ ಬರೋಣ. ಜಾಹೀರಾತಿನಲ್ಲಿ ‘ಅತಿಥಿಗಳೊಡನೆ ಬೆರೆಯುವುದು, ಸಾಮಾಜಿಕ ಜಾಲತಾಣ’ ಎಂದಿದ್ದರೂ ಹೊಳೆದಂಡೆಯ ಗೆಸ್ಟ್‌ಹೌಸಿನ ಮುಕ್ಕಾಲು ಕೆಲಸ ತೇವದ ಜೊತೆಗಿನ ಜಗಳ. ಬಂಗಲೆಗಳು ಮರದವು, ತಾಳೆಗರಿ ಹೊದಿಕೆಯವು. ಒಂದು ದಿನ ಗಾಳಿ ಆಡದಿದ್ದರೆ ದಿಂಬು ಮುಗ್ಗಲು. ಅತಿಥಿ ಖಾಲಿ ಮಾಡಿದ ಕೂಡಲೇ ಮೊದಲು ಬಾಗಿಲು-ಕಿಟಕಿ ತೆಗೆದು ಫ್ಯಾನ್ ಹಾಕಬೇಕು, ಆಮೇಲೆ ಹಾಸಿಗೆ ಬಟ್ಟೆ ಬಿಚ್ಚಬೇಕು. ಮ್ಯಾಟ್ರೆಸ್ಸಿನ ಹೊಲಿಗೆಯನ್ನು ಟಾರ್ಚ್ ಹಾಕಿ ನೋಡಬೇಕು. ಕಪ್ಪು ಚುಕ್ಕೆ, ತುಕ್ಕಿನ ಬಣ್ಣದ ಕಲೆ ಕಂಡರೆ ತಿಗಣೆ. ಆಗ ಆ ಕೋಣೆಯನ್ನು ಮಾರಾಟದಿಂದ ತೆಗೆದು, ಬಟ್ಟೆಯನ್ನು ಕೋಣೆಯಲ್ಲೇ ಚೀಲಕ್ಕೆ ಕಟ್ಟಿ, 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು. ತೆರೆದ ಕೈಯಲ್ಲಿ ಹೊತ್ತು ನಡೆದರೆ ತಿಗಣೆ ದಾರಿಯುದ್ದಕ್ಕೂ ಹಂಚಿಹೋಗುತ್ತದೆ. ಸೊಳ್ಳೆಪರದೆಯಲ್ಲಿ ಬೆರಳು ತೂರುವಷ್ಟು ತೂತಿದ್ದರೂ ಹೊಲಿಯಿರಿ, ಟೇಪ್ ಎರಡು ದಿನ ನಿಲ್ಲುವುದಿಲ್ಲ.

ಮೇನಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಒಗೆದ ಹಾಸು ಒಣಗಲು ಎರಡು ದಿನ ಬೇಕಾಗುತ್ತದೆ, ಹಾಗಾಗಿ ಹಾಸಿಗೆಗೆ ಕನಿಷ್ಠ ಮೂರು ಜೊತೆ ಇಲ್ಲದ ಕಡೆ ಬೆಳಗಿನ ಜಗಳ ಖಾಯಂ. ಸ್ನಾನಗೃಹ ತೊಳೆಯುವಾಗ ಒಂದು ಎಚ್ಚರಿಕೆ: ಬ್ಲೀಚನ್ನೂ ಆಮ್ಲ ಇರುವ ಟಾಯ್ಲೆಟ್ ಕ್ಲೀನರನ್ನೂ ಒಟ್ಟಿಗೆ, ಅಥವಾ ಒಂದರ ಹಿಂದೆ ಒಂದು ತೊಳೆಯದೆ, ಸುರಿಯಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಚಿಕ್ಕ ಬಿದಿರು ಬಚ್ಚಲಲ್ಲಿ ಉಸಿರು ಕಟ್ಟಲು ಅಷ್ಟು ಸಾಕು. ಶೇ 5ರ ಬ್ಲೀಚ್ ಆದರೆ ಮಾಮೂಲು ನೆಲಕ್ಕೆ ಒಂದು ಪಾಲಿಗೆ 49 ಪಾಲು ನೀರು, ವಾಂತಿ-ರಕ್ತ ಬಿದ್ದ ಕಡೆಗೆ ಒಂದು ಪಾಲಿಗೆ 9 ಪಾಲು. ಬೆಳಿಗ್ಗೆ ಬೆರೆಸಿದ್ದನ್ನು ಮರುದಿನಕ್ಕೆ ಇಡಬೇಡಿ, ಸತ್ತ್ವ ಹೋಗಿರುತ್ತದೆ. ಭಾರತದಿಂದ ಒಂದು ಜೊತೆ ಗಟ್ಟಿ ರಬ್ಬರ್ ಕೈಗವಸು ಒಯ್ಯಿರಿ.

ರಿಸೆಪ್ಷನ್ ಸುಲಭ ಎನಿಸುತ್ತದೆ, ಆದರೆ ದುಡ್ಡಿನ ತಪ್ಪು ಆಗುವುದು ಅಲ್ಲೇ. ಡಾಲರ್ ಮತ್ತು ಅಲ್ಲಿನ ಹಣವಾದ ರಿಯೆಲ್ ಎರಡೂ ಓಡುತ್ತವೆ. ಅಂಗಡಿ ಲೆಕ್ಕದಲ್ಲಿ ಒಂದು ಡಾಲರಿಗೆ 4,000 ರಿಯೆಲ್ ಎಂದು ಹಿಡಿಯುತ್ತಾರೆ, ಡಾಲರಿನ ಚಿಲ್ಲರೆ ನಾಣ್ಯ ಬಳಕೆಯಲ್ಲಿಲ್ಲ. 7.50 ಡಾಲರ್ ಬಿಲ್ಲಿಗೆ 10 ಡಾಲರ್ ಕೊಟ್ಟರೆ 2 ಡಾಲರ್ ನೋಟು ಮತ್ತು 2,000 ರಿಯೆಲ್ ಹಿಂದಿರುಗಿಸಬೇಕು. ಅಂಚು ಹರಿದ, ಗೀಚಿದ ಡಾಲರ್ ನೋಟನ್ನು ಯಾರೂ ಮುಟ್ಟುವುದಿಲ್ಲ. ನೀವು ತೆಗೆದುಕೊಂಡರೆ ಸಂಜೆ ಗಲ್ಲಾ ಲೆಕ್ಕದಲ್ಲಿ ಅದು ನಿಮ್ಮ ತಲೆಗೇ. ಪಾಳಿ ಶುರುವಾಗುವಾಗ ಮತ್ತು ಮುಗಿಯುವಾಗ ಗಲ್ಲಾ ಎಣಿಸಿ ಇಬ್ಬರೂ ಸಹಿ ಹಾಕುವ ಪುಸ್ತಕ ಇದೆಯೇ ಎಂದು ಕೇಳಿ. ಇಲ್ಲವಾದರೆ ನಗದು ಮುಟ್ಟುವ ಕೆಲಸ ಒಪ್ಪಬೇಡಿ. ಬಾರ್ ಕೆಲಸ ಕೊಡುವ ಕಡೆ ‘ಕುಡಿತ ಉಚಿತ’ ಎನ್ನುವುದು ಸಂಬಳವಲ್ಲ, ಮಾಲೀಕರು ನಿಮ್ಮನ್ನು ರಾತ್ರಿ ಒಂದರವರೆಗೆ ಅಲ್ಲೇ ಕೂರಿಸುವ ಉಪಾಯ. ಗಾಂಜಾ ಕಾಂಬೋಡಿಯಾದಲ್ಲಿ ಕಾನೂನುಬಾಹಿರ. ಅತಿಥಿ ಏನೇ ಹೇಳಲಿ, ತರಿಸಿಕೊಡುವ ಮಧ್ಯವರ್ತಿ ಆಗಬೇಡಿ.

ಏಪ್ರಿಲ್ ಮಧ್ಯದ ಖ್ಮೇರ್ ಹೊಸ ವರ್ಷ, ಸೆಪ್ಟೆಂಬರ್-ಅಕ್ಟೋಬರಿನ ಪಿತೃಪಕ್ಷದಂಥ ಪ್ಚುಮ್ ಬೆನ್ ಸಮಯದಲ್ಲಿ ಸ್ಥಳೀಯ ಸಿಬ್ಬಂದಿ ಊರಿಗೆ ಹೋಗುತ್ತಾರೆ. ಆಗ ಐದು ಗಂಟೆ ಎಂದಿದ್ದು ಹತ್ತಾಗುತ್ತದೆ. ಮೊದಲ ಸಲಕ್ಕೆ ನವೆಂಬರ್ ಕೊನೆಯಿಂದ ಫೆಬ್ರುವರಿ ಒಳ್ಳೆಯದು: ಒಣ ಹವೆ, ನದಿ ಶಾಂತ.

ನದಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಪ್ರೇಕ್ ತೆಕ್ ಛು ಎಂಬ ಈ ನದಿ ಬೊಕೋರ್ ಕಡೆಯ ಬೆಟ್ಟಗಳಿಂದ ಇಳಿದು ಕಂಪೋಟ್ ದಾಟಿ ಥಾಯ್ಲೆಂಡ್ ಕೊಲ್ಲಿ ಸೇರುತ್ತದೆ. ಹೊನ್ನಾವರದಲ್ಲಿ ಶರಾವತಿ ಅಳಿವೆ ನೋಡಿದ್ದರೆ ನಿಮಗೆ ಚಿತ್ರ ಸಿಗುತ್ತದೆ: ಕೆಳಗೆ ಉಬ್ಬರ-ಇಳಿತ, ದಂಡೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್), ಮೇಲ್ಗಡೆ ಅಣೆಕಟ್ಟು. ಇಲ್ಲಿನದು 193 ಮೆಗಾವಾಟ್‌ನ ಕಾಮ್ಚಾಯ್ ಜಲವಿದ್ಯುತ್ ಯೋಜನೆ, 2011ರಲ್ಲಿ ಉದ್ಘಾಟನೆಯಾದದ್ದು. ಬೇಸಿಗೆಯಲ್ಲಿ ಪಟ್ಟಣದವರೆಗೂ ನೀರು ಉಪ್ಪುಪ್ಪು. ಮಳೆಗಾಲದಲ್ಲಿ ಬೆಟ್ಟದ ನೀರು, ಅಣೆಕಟ್ಟಿನಿಂದ ಬಿಟ್ಟ ನೀರು, ಇಳಿತ ಮೂರೂ ಕೂಡಿದ ದಿನ ಹರಿವು ಸೀದಾ ಸಮುದ್ರದ ಕಡೆಗೆ ಎಳೆಯುತ್ತದೆ. ದೋಣಿಕಟ್ಟೆಯಿಂದ ನೋಡಿದರೆ ಮೇಲ್ಮೈ ಸಪಾಟಾಗಿ, ಏನೂ ಇಲ್ಲವೆಂಬಂತೆ ಇರುತ್ತದೆ. ಪ್ರವಾಸಿಗರು ಮೋಸ ಹೋಗುವುದು ಇಲ್ಲಿ. ಒಂದು ಒಣ ಎಲೆ ಎಸೆದು ಅದು ಕಂಬದಿಂದ ಕಂಬಕ್ಕೆ ಸಾಗುವ ವೇಗ ನೋಡಿ. ನೀವು ದಂಡೆಯ ಮೇಲೆ ಚುರುಕಾಗಿ ನಡೆಯುವಷ್ಟು ವೇಗವಿದ್ದರೆ ಹೊಸಬರು ಕಯಾಕಿನಲ್ಲಿ ಅದರ ವಿರುದ್ಧ ಮರಳಿ ಬರಲಾರರು.

ಈಜು ಅಷ್ಟಕ್ಕಷ್ಟೆ ಎಂದಿದ್ದೀರಿ. ಹಾಗಿದ್ದರೆ ಕಯಾಕ್ ಜವಾಬ್ದಾರಿ ಒಪ್ಪಬೇಡಿ, ಇದರಲ್ಲಿ ರಾಜಿ ಬೇಡ. ಮಾಲೀಕರಿಗೆ ಅದು ‘ದೋಣಿ ತೊಳೆದು ಲೈಫ್ ಜಾಕೆಟ್ ಕೊಡುವ ಕೆಲಸ’. ಅತಿಥಿ ಮುಳುಗಿದ ಕ್ಷಣದಲ್ಲಿ ದೋಣಿಕಟ್ಟೆಯಲ್ಲಿ ನಿಂತಿರುವವರೇ ರಕ್ಷಕರು ಎಂದಾಗುತ್ತದೆ. ಈಜು ಬಲ್ಲವರೂ ಜೀವರಕ್ಷಣೆಯ ತರಬೇತಿ ಇಲ್ಲದೆ ಒಪ್ಪಬಾರದು. ದಂಡೆಯ ಮೇಲಿನ ಭಾಗ ಮಾಡುತ್ತೇನೆ ಎಂದು ಹೇಳಬಹುದು: ಪುಸ್ತಕ ಬರೆಯುವುದು, ಜಾಕೆಟ್ ಪರೀಕ್ಷೆ. ಅದನ್ನೂ ಸರಿಯಾಗಿ ಮಾಡುವವರು ಕಡಿಮೆ, ಹಾಗಾಗಿ ವಿವರಿಸುತ್ತೇನೆ.

ಕಯಾಕ್ ಹೊರಡುವಾಗ ಹೆಸರು, ಫೋನ್ ಸಂಖ್ಯೆ, ದೋಣಿ ಸಂಖ್ಯೆ, ಹೊರಟ ಹೊತ್ತು, ಮರಳುವ ಹೊತ್ತು ಬರೆಯಬೇಕು. ಮರಳಿದಾಗ ಗೀಟು ಎಳೆಯಬೇಕು. ಗೀಟು ಬೀಳದ ಹೆಸರು ಸಂಜೆ ಐದೂವರೆಗೆ ಉಳಿದಿದ್ದರೆ ಅದು ಮಾಲೀಕರಿಗೆ ಕೂಡಲೇ ಹೇಳಬೇಕಾದ ಸುದ್ದಿ, ಏಕೆಂದರೆ ಅಲ್ಲಿ ಆರರ ಆಸುಪಾಸಿಗೇ ಕತ್ತಲು. ಈಜು ಬಾರದವರಿಗೆ 100 ನ್ಯೂಟನ್ ತೇಲುಶಕ್ತಿಯ ಜಾಕೆಟ್ ಬೇಕು. 50 ನ್ಯೂಟನ್ನಿನದು ಈಜು ಬಲ್ಲವರಿಗೆ ಮಾತ್ರ. ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ, ಚೀಟಿಯೇ ಅಳಿಸಿ ಹೋಗಿರುವಷ್ಟು ಹಳೆಯದಾದರೆ ಕೊಡಬೇಡಿ. ಹಾಕಿಸಿ, ಪಟ್ಟಿ ಬಿಗಿದು, ಹಿಂದಿನಿಂದ ಎರಡೂ ಭುಜದ ಪಟ್ಟಿ ಹಿಡಿದು ಮೇಲೆತ್ತಿ. ಗಲ್ಲದವರೆಗೆ ಏರಿದರೆ ನೀರಿನಲ್ಲಿ ಅದು ತಲೆಯಿಂದ ಕಳಚಿಕೊಳ್ಳುತ್ತದೆ. ಮೊದಲು ಹರಿವಿನ ಎದುರು ಹೋಗಿ ಸುಸ್ತಾದಾಗ ಹರಿವಿನ ಜೊತೆ ಮರಳಿ ಎಂದು ಹೇಳಿ. ಕಾಂಡ್ಲಾ ಮರಗಳ ನಡುವೆ ಸಾಗುವ ‘ಗ್ರೀನ್ ಕೆಥೆಡ್ರಲ್’ ಎಂಬ ಕಾಲುವೆ ಅಲ್ಲಿ ಹೆಸರುವಾಸಿ. ಎಲ್ಲರೂ ಅದನ್ನೇ ಕೇಳುತ್ತಾರೆ, ಮಧ್ಯಾಹ್ನ ಮೂರರ ನಂತರ ಅಲ್ಲಿಗೆ ಕಳಿಸದಿರುವುದು ಕ್ಷೇಮ. ಗುಡುಗು ಕೇಳಿದ ಕೂಡಲೇ ಎಲ್ಲರೂ ದಡಕ್ಕೆ. ಕೊನೆಯ ಗುಡುಗಿನ ನಂತರ 30 ನಿಮಿಷ ಯಾರೂ ನೀರಿಗಿಲ್ಲ.

ಯಾರಾದರೂ ತೇಲಿಹೋಗುತ್ತಿದ್ದರೆ ಹಾರಬೇಡಿ. ಕೋಲು ಚಾಚಿ, ಸಿಗದಿದ್ದರೆ 15–20 ಮೀಟರ್ ಹಗ್ಗ ತುಂಬಿದ ಎಸೆಚೀಲವನ್ನು ಹಗ್ಗದ ತುದಿ ಹಿಡಿದುಕೊಂಡು ಎಸೆಯಿರಿ, ಕೂಗಿ ಸ್ಥಳೀಯ ದೋಣಿಯವರನ್ನು ಕರೆಯಿರಿ. ದೋಣಿಕಟ್ಟೆಯಲ್ಲಿ ಎಸೆಚೀಲವೇ ಇಲ್ಲದ ಗೆಸ್ಟ್‌ಹೌಸ್ ಕಯಾಕ್ ಬಾಡಿಗೆಗೆ ಕೊಡುತ್ತಿದ್ದರೆ ಆ ಮಾಲೀಕರ ಉಳಿದ ಮಾತುಗಳನ್ನೂ ಅದೇ ತೂಕದಲ್ಲಿ ನೋಡಿ. ಮುಳುಗಿ ಉಸಿರು ನಿಂತವರಿಗೆ ಸಿಪಿಆರ್ (ಎದೆ ಒತ್ತಿ, ಉಸಿರು ಕೊಟ್ಟು ಉಳಿಸುವ ಚಿಕಿತ್ಸೆ) ಶುರುಮಾಡುವಾಗ ಎದೆ ಒತ್ತುವ ಮುನ್ನ ಉಸಿರು ಕೊಡಬೇಕು. ಸೇಂಟ್ ಜಾನ್ ಆಂಬುಲೆನ್ಸ್‌ನಂಥ ಸಂಸ್ಥೆಗಳ ಪ್ರಥಮ ಚಿಕಿತ್ಸೆ ತರಬೇತಿಯನ್ನು ಹೊರಡುವ ಮೊದಲೇ ಮುಗಿಸಿಕೊಳ್ಳಿ. ಇನ್ನೊಂದು ಮಾಮೂಲು ಅಪಘಾತ ದೋಣಿಕಟ್ಟೆಯಿಂದ ತಲೆಕೆಳಗಾಗಿ ಧುಮುಕುವುದು. ಬೆಳಿಗ್ಗೆ ಉಬ್ಬರದಲ್ಲಿ ಧುಮುಕಿದ ಜಾಗದಲ್ಲೇ ಇಳಿತದ ಹೊತ್ತಿಗೆ ಆಳ ಅರ್ಧವಾಗಿರಬಹುದು.

ಆರೋಗ್ಯದಲ್ಲಿ ನಮ್ಮ ಮಲೆನಾಡಿನವರಿಗೆ ಗೊತ್ತಿರುವ ಇಲಿ ಜ್ವರ ಅಲ್ಲೂ ಇದೆ. ಕಾಲಿನ ಗಾಯ ಇಟ್ಟುಕೊಂಡು ನೆರೆನೀರಿನಲ್ಲಿ ನಿಂತು ಕೆಸರು ಬಳಿಯುವುದು ಅದಕ್ಕೆ ಹೇಳಿ ಕರೆಸಿದಂತೆ. ಗಮ್‌ಬೂಟು ಕೇಳಿ. ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ‘ನದಿನೀರಿನಲ್ಲಿ ಕೆಲಸ ಮಾಡಿದ್ದೆ’ ಎಂದು ಮೊದಲೇ ಹೇಳಿ. ಡೆಂಗಿ ಸೊಳ್ಳೆ ಕಚ್ಚುವುದು ಹಗಲು. ಹೂಕುಂಡದ ತಟ್ಟೆ, ದಡಕ್ಕೆ ಎಳೆದಿಟ್ಟ ಕಯಾಕಿನ ಹೊಟ್ಟೆಯಲ್ಲಿ ನಿಂತ ನೀರು ಚೆಲ್ಲುವುದನ್ನು ಯಾರೂ ಹೇಳದಿದ್ದರೂ ಮಾಡಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಟೈಫಾಯ್ಡ್, ಹೆಪಟೈಟಿಸ್ ಎ, ಧನುರ್ವಾಯು ಲಸಿಕೆಗಳನ್ನೂ, ಗೆಸ್ಟ್‌ಹೌಸುಗಳಲ್ಲಿ ನಾಯಿ ಇದ್ದೇ ಇರುವುದರಿಂದ ರೇಬೀಸ್‌ನ ಮುಂಜಾಗ್ರತಾ ಡೋಸುಗಳನ್ನೂ ಬೆಂಗಳೂರಿನಲ್ಲೇ ಹಾಕಿಸಿ. ಗಂಭೀರವಾದದ್ದೇನಾದರೂ ಆದರೆ ಫ್ನಾಮ್ ಪೆನ್‌ಗೇ ಸಾಗಿಸಬೇಕು, ಹಾಗಾಗಿ ವಿಮೆಯಲ್ಲಿ ರೋಗಿ ಸಾಗಣೆ ಸೇರಿರಲಿ. ವಿಮಾ ಕಂಪನಿಗೆ ಇಮೇಲ್ ಬರೆದು ಮೂರು ವಿಷಯಕ್ಕೆ ಲಿಖಿತ ಉತ್ತರ ಪಡೆಯಿರಿ: ದೈಹಿಕ ಕೆಲಸದಲ್ಲಿ ಆದ ಗಾಯ, ಕಯಾಕಿಂಗ್, ಸ್ಕೂಟರ್. ಇವನ್ನು ಹೊರಗಿಟ್ಟ ಪಾಲಿಸಿಗಳೂ ಇವೆ. ಸ್ಕೂಟರಿಗೆ ನಿಮ್ಮ ದ್ವಿಚಕ್ರ ಲೈಸೆನ್ಸಿನ ಜೊತೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿಯೂ ಇದ್ದರೆ ಕ್ಲೇಮಿನ ಹೊತ್ತಿಗೆ ತಕರಾರು ಕಡಿಮೆ. ಒಂದು ವರ್ಷಕ್ಕೆ ಸಾವಿರ ರೂಪಾಯಿ.

ಊಟ. ಖ್ಮೇರ್ ಅಡುಗೆಯಲ್ಲಿ ಮೀನಿನ ಸಾಸ್ ಉಪ್ಪಿನ ಜಾಗದಲ್ಲಿದೆ, ಪ್ರಹೋಕ್ ಎಂಬ ಹುದುಗಿಸಿದ ಮೀನಿನ ಪೇಸ್ಟ್ ತರಕಾರಿ ಪಲ್ಯದಲ್ಲೂ ಇರಬಹುದು. ‘ಮಾಂಸ ಬೇಡ’ ಎಂದರೆ ಮೀನಿನ ಸಾಸ್ ನಿಲ್ಲುವುದಿಲ್ಲ, ಅದನ್ನು ಬೇರೆಯಾಗಿ ಹೇಳಬೇಕು. ಸಿಬ್ಬಂದಿ ಊಟ ಒಂದೇ ಪಾತ್ರೆಯಲ್ಲಿ ಬೇಯುವುದರಿಂದ ‘ಎರಡು ಊಟ’ ಎಂಬ ಭರವಸೆ ನಿಮಗೆ ದಿನವೂ ಅನ್ನ, ಹುರಿದ ಹರಿವೆಗೆ ಇಳಿಯಬಹುದು. ಅತಿಥಿಗಳ ಮೆನುವಿನಿಂದ ಆರಿಸಲು ಬಿಡುತ್ತಾರೆಯೇ, ಅಡುಗೆಮನೆ ಬಳಸಬಹುದೇ ಎಂದು ಕೇಳಿ. ಚಟ್ನಿಪುಡಿ ಒಯ್ಯಲು ಮರೆಯಬೇಡಿ. ಊರಿನ ಕಾಳುಮೆಣಸಂತೂ ಲೋಕಪ್ರಸಿದ್ಧ: 2010ರಲ್ಲಿ ಕಾಂಬೋಡಿಯಾದಲ್ಲಿ, 2016ರಲ್ಲಿ ಯುರೋಪ್ ಒಕ್ಕೂಟದಲ್ಲಿ ಭೌಗೋಳಿಕ ಗುರುತು ಪಡೆದದ್ದು. ಮಲೆನಾಡಿನವರಾಗಿ ತೋಟಗಳನ್ನು ನೋಡದೆ ಬರಬೇಡಿ, ಬಳ್ಳಿ ಹಬ್ಬಿಸುವ ರೀತಿಯೇ ಬೇರೆ.

ಕೆಲವು ಕಡೆ ‘ಹತ್ತಿರದ ಅನಾಥಾಲಯದಲ್ಲಿ ಇಂಗ್ಲಿಷ್ ಪಾಠ’ ಎಂದು ಸೇರಿಸಿರುತ್ತಾರೆ. ಒಪ್ಪಬೇಡಿ. ಅಲ್ಲಿನ ಇಂಥ ಸಂಸ್ಥೆಗಳ ಬಹುಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ ಇದ್ದಾರೆ. ಪ್ರವಾಸಿಗರ ದೇಣಿಗೆಯೇ ಮಕ್ಕಳನ್ನು ಮನೆಯಿಂದ ಹೊರಗೆ ಎಳೆಯುವ ವ್ಯಾಪಾರವಾಗಿದೆ.

ದುಡ್ಡಿನ ಬಗ್ಗೆ ಚುಟುಕಾಗಿ. ಭಾರತದ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ತಾನಾಗಿ ಚಾಲೂ ಇರುವುದಿಲ್ಲ, ಆ್ಯಪ್‌ನಲ್ಲಿ ಹೊರಡುವ ಮುನ್ನವೇ ಚಾಲೂ ಮಾಡಿ, ಒಟಿಪಿಗೆ ಭಾರತದ ಸಿಮ್ ರೋಮಿಂಗಿನಲ್ಲಿರಲಿ. ಎಟಿಎಂ ಪ್ರತಿ ಸಲಕ್ಕೂ ಡಾಲರ್‌ಗಳಲ್ಲಿ ಶುಲ್ಕ ಹಿಡಿಯುತ್ತದೆ, ಆಗಾಗ ಸಣ್ಣ ಮೊತ್ತ ತೆಗೆಯುವುದು ನಷ್ಟ. ಯಾವ ಹೊತ್ತಿಗಾದರೂ ಎದ್ದು ನಡೆಯಲು 500 ಡಾಲರ್ ಬೇರೆಯಾಗಿ ಇರಲಿ. ಹೊರಡಲು ದುಡ್ಡಿಲ್ಲದ ವಾಲಂಟಿಯರ್‌ನ ಕೆಲಸದ ಗಂಟೆಗಳೇ ಮೊದಲು ಬೆಳೆಯುವುದು.

ಮೂರು ತಿಂಗಳನ್ನು ಒಂದೇ ಕಡೆ ಕಳೆಯಬೇಡಿ ಎಂಬುದು ನನ್ನ ಸಲಹೆ. ನಾಲ್ಕು ವಾರ ಕಂಪೋಟ್, ಆಮೇಲೆ ಸುಮಾರು 60 ಕಿ.ಮೀ. ದೂರದ, ವಿಯೆಟ್ನಾಂನ ಹಾ ತಿಯೆನ್ ಗಡಿ ದಾಟಿ ಮೆಕಾಂಗ್ ಮುಖಜಭೂಮಿಯ ಕಡೆ ಹೋಗಬಹುದು. ವಿಯೆಟ್ನಾಂ ಇ-ವೀಸಾ ಈಗ 90 ದಿನಗಳವರೆಗೆ ಸಿಗುತ್ತದೆ, ಅರ್ಜಿಯಲ್ಲಿ ಒಳಹೋಗುವ ಗಡಿಯ ಹೆಸರನ್ನು ಸರಿಯಾಗಿ ಆರಿಸಬೇಕು. ದುಡಿಯುತ್ತಲೇ ಸುತ್ತಬೇಕೆಂಬ ಆಸೆ ಗಟ್ಟಿಯಿದ್ದರೆ ಕಾನೂನು ಒಪ್ಪುವ ದಾರಿ ಬೇರೆ ಕಡೆ ಇದೆ: ಆಸ್ಟ್ರೇಲಿಯಾ 2024ರಿಂದ ಭಾರತೀಯರಿಗೆ ವರ್ಕ್ ಅಂಡ್ ಹಾಲಿಡೇ ವೀಸಾ ತೆರೆದಿದೆ. ವಯಸ್ಸು 18–30, ವರ್ಷಕ್ಕೆ ಒಂದು ಸಾವಿರ, ಲಾಟರಿ ಮೂಲಕ. ನಿಮಗಿನ್ನೂ ಮೂರು ವರ್ಷ ಅವಕಾಶವಿದೆ.

ಮನೆಯವರಿಗೆ ಗೆಸ್ಟ್‌ಹೌಸಿನ ಹೆಸರು, ನಕ್ಷೆಯ ಕೊಂಡಿ, ಮಾಲೀಕರ ಸಂಖ್ಯೆ, ಫ್ನಾಮ್ ಪೆನ್‌ನ ಭಾರತೀಯ ರಾಯಭಾರ ಕಚೇರಿಯ ತುರ್ತು ಸಂಖ್ಯೆ ಬರೆದುಕೊಡಿ. ಎರಡು ದಿನಕ್ಕೊಮ್ಮೆ ವಿಡಿಯೊ ಕರೆ ಎಂದು ಗೊತ್ತುಮಾಡಿಕೊಳ್ಳಿ. ಅಲ್ಲಿ ಮುಟ್ಟಿದ ಮೇಲೆ ಮೊದಲ ಎರಡು ರಾತ್ರಿ ಹಣ ಕೊಟ್ಟು ಅತಿಥಿಯಾಗಿಯೇ ಉಳಿಯಿರಿ, ಇದನ್ನು ಮುಂಚೆಯೇ ಮಾಲೀಕರಿಗೆ ತಿಳಿಸಿ. ಸಿಬ್ಬಂದಿ ಏನು ಉಣ್ಣುತ್ತಾರೆ, ಹಳೆಯ ವಾಲಂಟಿಯರ್‌ಗಳು ಎಷ್ಟು ಹೊತ್ತಿಗೆ ಮಲಗುತ್ತಾರೆ, ಸ್ಥಳೀಯ ಹೆಂಗಸರೊಡನೆ ಮಾಲೀಕರು ಹೇಗೆ ಮಾತಾಡುತ್ತಾರೆ, ಜಾಕೆಟ್ಟುಗಳು ಎಲ್ಲಿ ನೇತಾಡುತ್ತಿವೆ, ಎಲ್ಲ ಅಷ್ಟರಲ್ಲಿ ಕಾಣುತ್ತದೆ. ಸರಿಯೆನಿಸದಿದ್ದರೆ ಮೂರನೆಯ ಬೆಳಿಗ್ಗೆ ಬಿಲ್ ಕೊಟ್ಟು ಅದೇ ದಂಡೆಯ ಇನ್ನೊಂದು ಗೆಸ್ಟ್‌ಹೌಸಿನಲ್ಲಿ ಕೋಣೆ ಹಿಡಿಯಿರಿ.